ಗಂಟೆಗೆ ಎಷ್ಟು ದಿಮ್ಮಿ? ಲೆಕ್ಕ ಅಲ್ಲಿಗೇ ಮುಗಿಯದಿರಲಿ



ಈ ಸಲ ಒಂದು ಆಟದಿಂದ ಆರಂಭಿಸೋಣ. ನಮ್ಮ ಜಿಲ್ಲೆಯ ಒಂದು ಶಾಲೆಗೆ ಹೋಗಿದ್ದಾಗ ಏಳನೆಯ ತರಗತಿಯವರಿಗೆ ಈ ಆಟ ಆಡಿಸಿದ್ದೆ. ಅಂಗಳದಲ್ಲಿ 30 ಸೀಮೆಸುಣ್ಣದ ತುಂಡುಗಳನ್ನು ಅಲ್ಲಲ್ಲಿ ನೆಟ್ಟಗೆ ನಿಲ್ಲಿಸಿದೆವು. ಅವು ಕಾಡಿನ ಮರಗಳು. ಅವುಗಳ ನಡುವೆ ಹತ್ತು ಸೌದೆ ತುಂಡುಗಳನ್ನು ಇಟ್ಟೆವು. ಅವು ಕಡಿದ ದಿಮ್ಮಿಗಳು. ಸೌದೆಗೆ ಹಗ್ಗದ ಕುಣಿಕೆ ಹಾಕಿ ಎಳೆದು ಗೆರೆಯಾಚೆ ತರಬೇಕು, ಕೈಯಲ್ಲಿ ಎತ್ತುವಂತಿಲ್ಲ. ಪ್ರತಿ ತಂಡಕ್ಕೆ ಮೂರು ನಿಮಿಷ.

ಮೊದಲ ತಂಡ ಆರು ಸೌದೆ ತಂದಿತು, ಒಂಬತ್ತು ಸೀಮೆಸುಣ್ಣ ಬಿದ್ದವು. ಎಲ್ಲವನ್ನೂ ಮತ್ತೆ ನಿಲ್ಲಿಸಿ ಎರಡನೆಯ ತಂಡಕ್ಕೆ ಬಿಟ್ಟೆವು. ಅವರು ನಾಲ್ಕೇ ಸೌದೆ ತಂದರು, ಆದರೆ ಬಿದ್ದದ್ದು ಎರಡೇ ಸೀಮೆಸುಣ್ಣ. ಗೆದ್ದವರು ಯಾರು ಎಂದು ಕೇಳಿದೆ. "ಮೊದಲನೇ ತಂಡ" ಎಂದು ಇಡೀ ತರಗತಿ ಕೂಗಿತು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ ಕೇಳಿದಳು: "ಬಿದ್ದಿರೋ ಸೀಮೆಸುಣ್ಣ ಮುಂದಿನ ಆಟಕ್ಕೆ ಇರಲ್ವಲ್ಲ ಸಾರ್, ಅದನ್ನ ಯಾರ ಲೆಕ್ಕಕ್ಕೆ ಹಾಕೋದು?"

ನನ್ನಲ್ಲಿ ಆಗ ಸಿದ್ಧ ಉತ್ತರವಿರಲಿಲ್ಲ. ಈ ಲೇಖನ ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರ. ಅದಕ್ಕಾಗಿ ನಿಮ್ಮನ್ನು ದೂರದ ಒಂದು ಕಾಡಿಗೆ ಕರೆದೊಯ್ಯಬೇಕು. ಇದೇ ಆಟವನ್ನು ಅಲ್ಲಿ ದೊಡ್ಡವರು ನಿಜವಾದ ದಿಮ್ಮಿ, ನಿಜವಾದ ಯಂತ್ರ, ನಿಜವಾದ ಗಡಿಯಾರ ಹಿಡಿದು ಹಲವು ದಶಕ ಆಡಿದ್ದಾರೆ.

ಇರಾನಿನ ಉತ್ತರದ ಕಾಡು

ಇರಾನ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮರಳುಗಾಡು, ಪೆಟ್ರೋಲು, ಖರ್ಜೂರ. ಭೂಪಟ ತೆರೆದು ಆ ದೇಶದ ಉತ್ತರದ ಅಂಚನ್ನು ನೋಡಿ. ಅಲ್ಲಿ ಕ್ಯಾಸ್ಪಿಯನ್ ಸಮುದ್ರವಿದೆ. ಅದರ ದಕ್ಷಿಣಕ್ಕೆ ಅಲ್ಬುರ್ಜ್ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಈ ಶ್ರೇಣಿಯ ದಮಾವಂದ್ ಶಿಖರ 5,600 ಮೀಟರಿಗೂ ಎತ್ತರ. ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಯನ್ನು ಈ ಗೋಡೆ ತಡೆಯುತ್ತದೆ. ಹಾಗಾಗಿ ಉತ್ತರದ ಇಳಿಜಾರಿನಲ್ಲಿ ಒಳ್ಳೆಯ ಮಳೆ. ದಕ್ಷಿಣಕ್ಕೆ ರಾಜಧಾನಿ ತೆಹರಾನ್ ಇರುವ ಕಡೆ ಒಣ ಹವೆ. ನಮ್ಮ ಪಶ್ಚಿಮ ಘಟ್ಟದ ಆಚೆ ಕರಾವಳಿಯಲ್ಲಿ ಧಾರಾಕಾರ ಮಳೆ, ಈಚೆ ಬಯಲುಸೀಮೆಯಲ್ಲಿ ಒಣ ಗಾಳಿ ಇರುವಂತೆಯೇ. ಮಳೆಯ ನೆರಳಿನ ಪಾಠ ಮಾಡುವಾಗ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬಹುದು.

ಈ ಉತ್ತರದ ಇಳಿಜಾರಿನ ಕಾಡಿಗೆ ಹಿರ್ಕೇನಿಯನ್ ಕಾಡು ಎಂದು ಹೆಸರು. ಗಿಲಾನ್, ಮಾಜಂದರಾನ್, ಗೊಲೆಸ್ತಾನ್ ಎಂಬ ಮೂರು ಪ್ರಾಂತಗಳಲ್ಲಿ, ಸುಮಾರು 850 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಹಬ್ಬಿದೆ. ಚಳಿಗಾಲದಲ್ಲಿ ಎಲೆ ಉದುರಿಸುವ ಅಗಲ ಎಲೆಯ ಮರಗಳು ಇಲ್ಲಿ ಹೆಚ್ಚು. ಬೀಚ್, ಹಾರ್ನ್‌ಬೀಮ್, ಓಕ್, ಮೇಪಲ್ ಜೊತೆಗೆ ಕಬ್ಬಿಣದಷ್ಟು ಗಟ್ಟಿಯೆಂದು ಹೆಸರಾದ ಪರೋಶಿಯ ಮರವೂ ಇದೆ. ಈ ಬಗೆಯ ಕಾಡಿನ ಇತಿಹಾಸ 2.5 ಕೋಟಿಯಿಂದ 5 ಕೋಟಿ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಹಿಮಯುಗಗಳಲ್ಲಿ ಇಂಥ ಕಾಡುಗಳು ಬೇರೆ ಅನೇಕ ಕಡೆ ಅಳಿದುಹೋದಾಗಲೂ ಇಲ್ಲಿ ಉಳಿದುಕೊಂಡವು. 2019ರಲ್ಲಿ ಯುನೆಸ್ಕೊ ಈ ಕಾಡಿನ ಆಯ್ದ ಭಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ನೆರೆಯ ಅಜರ್‌ಬೈಜಾನಿನ ಭಾಗವೂ ಸೇರಿತು. ಇನ್ನೊಂದು ಮಾತು: ಪಾರಸಿ ಭಾಷೆಯಲ್ಲಿ ಕಾಡಿಗೆ 'ಜಂಗಲ್' ಎನ್ನುತ್ತಾರೆ. ಶಬ್ದ ನಮಗೆ ಹೊಸದೇನಲ್ಲ, ಅಲ್ಲವೆ?

ಆಯ್ದು ಕಡಿಯುವುದು

ಈ ಕಾಡಿನಿಂದ ಬಹಳ ಕಾಲ ಮರ ತೆಗೆಯಲಾಯಿತು. ಆದರೆ ಒಂದು ಗುಡ್ಡವನ್ನೇ ಬೋಳಿಸುವ ರೀತಿಯಲ್ಲಲ್ಲ. ಕೊನೆಯ ದಶಕಗಳಲ್ಲಿ ಹೆಚ್ಚಾಗಿ ಬಳಸಿದ್ದು ಆಯ್ಕೆ ಕಡಿತದ ಪದ್ಧತಿ. ಅರಣ್ಯ ಸಿಬ್ಬಂದಿ ಕಾಡಿನಲ್ಲಿ ಓಡಾಡಿ ಬಲಿತ ಮರ, ರೋಗದ ಮರ, ಪಕ್ಕದ ಎಳೆಮರಕ್ಕೆ ಅಡ್ಡಿಯಾದ ಮರ ಹೀಗೆ ಆರಿಸಿ ಗುರುತು ಹಾಕುತ್ತಾರೆ. ಗುರುತು ಬಿದ್ದದ್ದನ್ನು ಮಾತ್ರ ಯಂತ್ರಗರಗಸದಿಂದ ಕಡಿಯುತ್ತಾರೆ. ಉಳಿದವು ಬೆಳೆಯುತ್ತವೆ. ಕೆಲವು ವರ್ಷಗಳ ನಂತರ ಅದೇ ಜಾಗಕ್ಕೆ ಮತ್ತೆ ಬಂದು, ಆ ಹೊತ್ತಿಗೆ ಬಲಿತವನ್ನು ಆರಿಸುತ್ತಾರೆ.

ಅಂದರೆ ಈ ಪದ್ಧತಿಯಲ್ಲಿ ಇಂದು ಉಳಿದ ಮರವೇ ನಾಳೆಯ ಫಸಲು. ಇದನ್ನು ಚೆನ್ನಾಗಿ ನೆನಪಿಡಿ. ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಕಡಿದ ಮರವನ್ನು ರಸ್ತೆಬದಿಗೆ ತರುವುದು ಹೇಗೆ? ಹಸಿ ಬೀಚ್ ಮರ ಒಂದು ಘನಮೀಟರಿಗೆ ಸುಮಾರು ಒಂದು ಟನ್ ತೂಗುತ್ತದೆ. ಮಲೆನಾಡಿನ ಹಿರಿಯರನ್ನು ಕೇಳಿದರೆ ಆನೆಗಳ ಕತೆ ಹೇಳುತ್ತಾರೆ. ಸಕ್ರೆಬೈಲಿನಂಥ ಬಿಡಾರಗಳ ಆನೆಗಳು ಒಂದು ಕಾಲಕ್ಕೆ ನಾಟಾ ಎಳೆಯುತ್ತಿದ್ದವು. ಇರಾನಿನ ಉತ್ತರದ ಕಾಡಿನಲ್ಲಿ ಸಣ್ಣ ತುಂಡುಗಳನ್ನು ಹೇಸರಗತ್ತೆಗಳ ಬೆನ್ನ ಮೇಲೆ ಹೊರಿಸಿ ತಂದರು. ದೊಡ್ಡ ದಿಮ್ಮಿಗೆ ಬಂದದ್ದು ಸ್ಕಿಡ್ಡರ್ ಎಂಬ ಯಂತ್ರ. ಟಿಂಬರ್‌ಜ್ಯಾಕ್ ಎಂಬ ಹೆಸರಿನ ಸ್ಕಿಡ್ಡರ್ ಅಲ್ಲಿ ಬಹಳ ಬಳಕೆಯಲ್ಲಿತ್ತು. ನಾಲ್ಕು ದೊಡ್ಡ ರಬ್ಬರ್ ಗಾಲಿ, ನಡುವಿನಲ್ಲೇ ಮಡಿಸಿದಂತೆ ತಿರುಗುವ ಮೈ, ಮುಂದೆ ಮಣ್ಣು ತಳ್ಳುವ ಹಲಗೆ, ಹಿಂದೆ ಉಕ್ಕಿನ ಹಗ್ಗ ಸುತ್ತಿದ ವಿಂಚ್. ಹಗ್ಗ ಬಿಚ್ಚಿ ದಿಮ್ಮಿಗೆ ಕಟ್ಟಿ, ಸುತ್ತಿ ಹತ್ತಿರಕ್ಕೆ ಎಳೆದುಕೊಂಡು, ದಿಮ್ಮಿಯ ಒಂದು ತುದಿಯನ್ನು ನೆಲದಿಂದ ಎತ್ತಿ ಎಳೆದುಕೊಂಡು ಹೋಗುತ್ತದೆ.

ಗಡಿಯಾರ ಹಿಡಿದ ಲೆಕ್ಕ

ಇಂಥ ಯಂತ್ರದ ಉತ್ಪಾದಕತೆಯನ್ನು ಅಳೆಯಲು ಅರಣ್ಯ ವಿಜ್ಞಾನಿಗಳು ಗಡಿಯಾರ ಹಿಡಿದು ಅದರ ಹಿಂದೆ ಓಡಾಡುತ್ತಾರೆ. ಒಂದು ಸುತ್ತಿನ ಕೆಲಸವನ್ನು ತುಂಡು ಮಾಡುತ್ತಾರೆ: ಖಾಲಿ ಹೋಗುವುದು, ಹಗ್ಗ ಎಳೆದು ದಿಮ್ಮಿಗೆ ಕಟ್ಟುವುದು, ವಿಂಚಿನಿಂದ ಎಳೆದುಕೊಳ್ಳುವುದು, ಹೊರೆಯೊಡನೆ ಮರಳುವುದು, ಬಿಚ್ಚಿ ರಾಶಿ ಹಾಕುವುದು. ಪ್ರತಿಯೊಂದಕ್ಕೂ ಎಷ್ಟು ಹೊತ್ತು ಎಂದು ಬರೆದುಕೊಳ್ಳುತ್ತಾರೆ. ಕೊನೆಗೆ ಗಂಟೆಗೆ ಎಷ್ಟು ಘನಮೀಟರ್ ಮರ ಎಂದು ಹೇಳುತ್ತಾರೆ.

ನಾವೂ ಒಂದು ಲೆಕ್ಕ ಮಾಡೋಣ. ಇದು ತರಗತಿಗಾಗಿ ನಾನು ಕಟ್ಟಿದ ಲೆಕ್ಕ, ಯಾವ ಯಂತ್ರದ ಅಳತೆಯೂ ಅಲ್ಲ. 60 ಸೆಂಟಿಮೀಟರ್ ವ್ಯಾಸ, 5 ಮೀಟರ್ ಉದ್ದದ ದಿಮ್ಮಿಯನ್ನು ಸಿಲಿಂಡರ್ ಎಂದುಕೊಂಡರೆ ಅದರ ಗಾತ್ರ 3.14 × 0.3 × 0.3 × 5, ಅಂದರೆ ಸುಮಾರು 1.4 ಘನಮೀಟರ್. ಇಂಥ ಎರಡು ದಿಮ್ಮಿ ಸೇರಿ ಹೊರೆ ಸುಮಾರು 3 ಘನಮೀಟರ್ ಎನ್ನೋಣ. ಖಾಲಿ ಹೋಗಲು 3 ನಿಮಿಷ, ಕಟ್ಟಲು 3, ವಿಂಚಿಗೆ 2, ಮರಳಲು 5, ಬಿಚ್ಚಿ ರಾಶಿ ಹಾಕಲು 2. ಒಟ್ಟು 15 ನಿಮಿಷ. ಗಂಟೆಗೆ ನಾಲ್ಕು ಸುತ್ತು, 12 ಘನಮೀಟರ್.

ಈಗ ದೂರವನ್ನು ಎರಡರಷ್ಟು ಮಾಡಿ. ಹೋಗಲು 6, ಬರಲು 10 ನಿಮಿಷ ಆಗುತ್ತದೆ. ಕಟ್ಟುವ, ಎಳೆಯುವ, ಬಿಚ್ಚುವ 7 ನಿಮಿಷ ಹಾಗೇ ಇರುತ್ತದೆ. ಒಟ್ಟು 23 ನಿಮಿಷ. ಗಂಟೆಗೆ ಸುಮಾರು 7.8 ಘನಮೀಟರ್. ದೂರ ಎರಡರಷ್ಟಾದರೂ ಕೆಲಸ ಅರ್ಧಕ್ಕೆ ಇಳಿಯಲಿಲ್ಲ. ಏಕೆ ಎಂದು ಮಕ್ಕಳೇ ಹೇಳಲಿ.

ಇನ್ನೊಂದು ಮೋಜು ನೋಡಿ. ಎಂಟು ಗಂಟೆಯ ದಿನದಲ್ಲಿ ಎರಡು ಗಂಟೆ ರಿಪೇರಿ, ಊಟ, ಕಾಯುವಿಕೆಗೆ ಹೋಯಿತು ಎನ್ನೋಣ. ಉಳಿದ ಆರು ಗಂಟೆಯಲ್ಲಿ 72 ಘನಮೀಟರ್ ಬಂತು. ದುಡಿದ ಗಂಟೆಗೆ ಲೆಕ್ಕ ಹಾಕಿದರೆ 12, ದಿನದ ಎಲ್ಲ ಗಂಟೆಗೆ ಲೆಕ್ಕ ಹಾಕಿದರೆ 9. ಅದೇ ಯಂತ್ರ, ಅದೇ ದಿನ, ಅದೇ ದಿಮ್ಮಿ. ಉತ್ತರ ಎರಡು. ಎರಡೂ ಸುಳ್ಳಲ್ಲ. ಭಾಗಾಕಾರದಲ್ಲಿ ಕೆಳಗೆ ಏನನ್ನು ಬರೆದೆವು ಎಂಬುದೇ ಉತ್ತರವನ್ನು ಬದಲಿಸಿತು. ಹಾಗಾದರೆ ಮೇಲೆ ಏನನ್ನು ಬರೆಯಲಿಲ್ಲ ಎಂದೂ ಕೇಳಬೇಕಲ್ಲವೆ?

ಆಯ್ಕೆ ಕಡಿತದಲ್ಲಿ ಯಂತ್ರದ ಅಂಕಿ ಸಹಜವಾಗಿಯೇ ಇಳಿಯುತ್ತದೆ. ಕಡಿದ ಮರಗಳು ಒಂದೇ ಕಡೆ ಇರುವುದಿಲ್ಲ, ಚದುರಿರುತ್ತವೆ. ಹೊರೆ ತುಂಬಿಸಲು ಹಗ್ಗವನ್ನು ಹಲವು ದಿಕ್ಕಿಗೆ ಎಳೆಯಬೇಕು. ನಿಂತ ಮರಗಳನ್ನು ಬಳಸಿಕೊಂಡು ಹೋಗಬೇಕು. ಇಳಿಜಾರು ಬೇರೆ. ಇಂಥ ಗಾಲಿಯಂತ್ರ ಸಾಮಾನ್ಯವಾಗಿ ಶೇಕಡ 30ರ ಆಸುಪಾಸಿನ ಇಳಿಜಾರಿನವರೆಗೆ ಮಾತ್ರ ಕ್ಷೇಮ. ಆಗ ಚಾಲಕನಿಗೆ ಒಂದು ಆಸೆ ಹುಟ್ಟುತ್ತದೆ: ಹಾದಿ ಬಿಟ್ಟು ಯಂತ್ರವನ್ನು ದಿಮ್ಮಿಯ ಹತ್ತಿರಕ್ಕೇ ಒಯ್ದರೆ ಹಗ್ಗ ಎಳೆಯುವ ಹೊತ್ತು ಉಳಿಯುತ್ತದಲ್ಲ! ಆಸೆ ತಪ್ಪಲ್ಲ. ಭಾರದ ಉಕ್ಕಿನ ಹಗ್ಗವನ್ನು ಇಳಿಜಾರಿನಲ್ಲಿ ಎಳೆದುಕೊಂಡು ನಡೆಯುವ ಸಹಾಯಕನ ಹೆಗಲಿಗೂ ಅದು ಹಿತವೇ. ಗಂಟೆಯ ಲೆಕ್ಕದಲ್ಲಿ ಆ ಚಾಲಕ ಜಾಣ ಅನ್ನಿಸಿಕೊಳ್ಳುತ್ತಾನೆ.

ಲೆಕ್ಕಕ್ಕೆ ಸಿಗದ್ದು

ಹಾದಿ ಬಿಟ್ಟ ಯಂತ್ರದ ಗಾಲಿಯಡಿ ಏನಾಗುತ್ತದೆ? ಕಾಡಿನ ಮಣ್ಣು ಸ್ಪಂಜಿನ ಹಾಗೆ. ಅದರ ತುಂಬ ಗಾಳಿ, ನೀರು ಓಡಾಡುವ ರಂಧ್ರಗಳಿರುತ್ತವೆ. ಎರೆಹುಳು, ಬೇರು, ಶಿಲೀಂಧ್ರ ಇವೆಲ್ಲ ಸೇರಿ ಕಟ್ಟಿದ ರಂಧ್ರಗಳು ಅವು. ಭಾರದ ಗಾಲಿ ಹಾದರೆ ರಂಧ್ರಗಳು ಮುಚ್ಚುತ್ತವೆ. ಒದ್ದೆ ಮಣ್ಣಾದರೆ ಇನ್ನೂ ಹೆಚ್ಚು. ಹಾನಿಯ ಬಹುಪಾಲು ಮೊದಲ ಕೆಲವೇ ಓಡಾಟಗಳಲ್ಲಿ ಆಗಿಬಿಡುತ್ತದೆ. ಆದ್ದರಿಂದ 'ಒಂದೇ ಸಲ ಹೋಗಿ ಬಂದರೆ ಏನಾಯಿತು' ಎಂಬ ಮಾತು ನಿಲ್ಲುವುದಿಲ್ಲ. ಮಳೆನೀರು ಒಳಗೆ ಇಳಿಯದೆ ಮೇಲೆ ಹರಿದು ಮಣ್ಣನ್ನು ಕೊಚ್ಚುತ್ತದೆ. ಬಿದ್ದ ಬೀಜ ಮೊಳೆತರೂ ಬೇರು ಇಳಿಸಲಾರದು. ಇರಾನಿನ ಈ ಕಾಡಿನಲ್ಲೇ ಹಳೆಯ ಎಳೆದಾರಿಗಳ ಮಣ್ಣನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಇಪ್ಪತ್ತು ವರ್ಷ ಕಳೆದರೂ ಮಣ್ಣು ಪೂರ್ತಿ ಮೊದಲಿನಂತಾಗಿರಲಿಲ್ಲ.

ಎರಡನೆಯದು ನಿಂತ ಮರ. ಎಳೆಯುವ ದಿಮ್ಮಿ ತಿರುವಿನಲ್ಲಿ ಪಕ್ಕದ ಮರದ ಬುಡಕ್ಕೆ ಉಜ್ಜುತ್ತದೆ. ಬೀಚ್ ಮರದ ತೊಗಟೆ ತೆಳು. ತೊಗಟೆಯ ಕೆಳಗೇ ಮರವನ್ನು ದಪ್ಪವಾಗಿಸುವ ಕೇಂಬಿಯಂ ಪದರ ಇದೆ. ತೊಗಟೆ ಕಿತ್ತರೆ ಆ ಗಾಯದಿಂದ ಶಿಲೀಂಧ್ರ ಒಳಗೆ ಸೇರಿ ಮರ ನಿಧಾನವಾಗಿ ಕೊಳೆಯಬಹುದು. ಹೊರಗಿನಿಂದ ಹಸಿರು, ಒಳಗಿನಿಂದ ಟೊಳ್ಳು. ಎಳೆಯ ಸಸಿಗಳಂತೂ ದಿಮ್ಮಿಯಡಿ ಸಿಕ್ಕಿ ಅಲ್ಲೇ ಮುಗಿಯುತ್ತವೆ.

ಈ ಗಾಯಗೊಂಡ ಮರ ಯಾವುದು? ಮುಂದಿನ ಸರದಿಗೆ ಎಂದು ಬಿಟ್ಟ ಮರ! ಬೀಚ್ ಸಸಿಯೊಂದು 60 ಸೆಂಟಿಮೀಟರ್ ದಪ್ಪದ ಮರವಾಗಲು ನೂರು ವರ್ಷಕ್ಕೂ ಹೆಚ್ಚು ಬೇಕು. ಇಂದು ಐದು ನಿಮಿಷ ಉಳಿಸಿದ ಚಾಲಕ ನಾಳಿನ ಫಸಲಿನಿಂದ ಸಾಲ ತೆಗೆದಿದ್ದಾನೆ. ಸಾಲ ಯಾರ ಪುಸ್ತಕದಲ್ಲೂ ದಾಖಲಾಗಿಲ್ಲ. ಗಂಟೆಗೆ 12 ಘನಮೀಟರ್ ಎಂಬ ಅಂಕಿಯಲ್ಲಿ ಅದು ಕಾಣುವುದೇ ಇಲ್ಲ. ಹಿಂದೆ ನಿಂತಿದ್ದ ಹುಡುಗಿ ಕೇಳಿದ್ದು ಇದನ್ನೇ.

ಈ ಹಾನಿಯನ್ನು ಅಳೆಯುವುದು ಕಷ್ಟವೇನಲ್ಲ. ಇರಾನಿನ ವಿಜ್ಞಾನಿಗಳೇ ಗಾಯದ ಮರಗಳನ್ನು ಎಣಿಸಿದ್ದಾರೆ, ಮಣ್ಣಿನ ಸಾಂದ್ರತೆ ಅಳೆದಿದ್ದಾರೆ. ನನ್ನ ತಕರಾರು ಇಷ್ಟೇ: ಯಂತ್ರದ ವೇಗ ಒಂದು ವರದಿಯಲ್ಲಿ, ಕಾಡಿನ ಗಾಯ ಇನ್ನೊಂದು ವರದಿಯಲ್ಲಿ ಇದ್ದರೆ ಸಾಲದು. ಎರಡು ಅಂಕಿಗಳೂ ಒಂದೇ ಸಾಲಿನಲ್ಲಿ, ಅಕ್ಕಪಕ್ಕ ಇರಬೇಕು. ನಮ್ಮ ಆಟದಲ್ಲಿ ಮೊದಲ ತಂಡ ತಂದ ಪ್ರತಿ ಸೌದೆಗೆ ಒಂದೂವರೆ ಸೀಮೆಸುಣ್ಣ ಬಿತ್ತು. ಎರಡನೆಯ ತಂಡದಲ್ಲಿ ಪ್ರತಿ ಸೌದೆಗೆ ಅರ್ಧ ಸೀಮೆಸುಣ್ಣ. ಹೀಗೆ ಬರೆದು ತೋರಿಸಿದ ಮೇಲೆ ಯಾರು ಗೆದ್ದರೆಂದು ಕೇಳಿ ನೋಡಿ. ತರಗತಿ ಅಷ್ಟು ಬೇಗ ಕೂಗುವುದಿಲ್ಲ.

ಹಾಗಾದರೆ ಯಂತ್ರ ಬೇಡವೆ?

ಹಾಗೆಂದು ನಾನು ಹೇಳುತ್ತಿಲ್ಲ. ಯಂತ್ರ ನಿಧಾನವಾದಷ್ಟೂ ಒಂದು ದಿಮ್ಮಿಗೆ ಉರಿಯುವ ಡೀಸೆಲ್ ಹೆಚ್ಚು, ಖರ್ಚು ಹೆಚ್ಚು. ದೂರ ಕಡಿಮೆ ಮಾಡಲು ಹಾದಿಗಳನ್ನು ಹೆಚ್ಚು ಮಾಡಿದರೆ ನೆಲ ಹೋಗುತ್ತದೆ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅದರಲ್ಲಿ 4 ಮೀಟರ್ ಅಗಲದ ಹಾದಿ 100 ಮೀಟರ್ ಉದ್ದ ಇದ್ದರೆ 400 ಚದರ ಮೀಟರ್, ನೂರಕ್ಕೆ 4 ಭಾಗ ಹೋಯಿತು. ಹಾದಿ ಎರಡರಷ್ಟಾದರೆ 8 ಭಾಗ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ತೆರಬೇಕು.

ದಾರಿಗಳಿವೆ. ಮರ ಕಡಿಯುವ ಮೊದಲೇ ಹಾದಿ ಗುರುತಿಸಿ ಯಂತ್ರ ಅದನ್ನು ಬಿಡದಂತೆ ನೋಡಿಕೊಳ್ಳುವುದು. ಹಾದಿಯ ಕಡೆಗೆ ವಾಲುವಂತೆ ಮರ ಬೀಳಿಸುವುದು. ಮಣ್ಣು ಒದ್ದೆಯಿದ್ದಾಗ ಕೆಲಸ ನಿಲ್ಲಿಸುವುದು. ಯಂತ್ರ ನಿಂತಲ್ಲೇ ನಿಂತು ಹಗ್ಗ ಮಾತ್ರ ಒಳಗೆ ಹೋಗುವುದು. ಇವುಗಳಲ್ಲಿ ಬಹುತೇಕ ಗಂಟೆಯ ಅಂಕಿಯನ್ನು ಒಂದಿಷ್ಟು ಇಳಿಸುತ್ತವೆ. ಆ ಇಳಿಕೆಯನ್ನು ನಷ್ಟ ಎಂದು ಬರೆಯಬಾರದು, ಉಳಿದ ಮರಕ್ಕೆ ಕೊಟ್ಟ ಬೆಲೆ ಎಂದು ಬರೆಯಬೇಕು. ಚಾಲಕನ ಕೂಲಿ ತಂದ ಘನಮೀಟರಿಗೆ ಮಾತ್ರ ಎಂದಾದರೆ ಅವನು ನಿಧಾನವಾಗಿ ಹೋಗುವುದು ಹೇಗೆ? ತಪ್ಪನ್ನು ಸ್ಟೀರಿಂಗ್ ಹಿಡಿದವನ ಮೇಲೆ ಹೊರಿಸುವ ಮೊದಲು ಅವನನ್ನು ಅಳೆಯುವ ಕೋಲನ್ನು ನೋಡಬೇಕು.

2017ರಲ್ಲಿ ಆರಂಭವಾದ ಆರನೆಯ ಪಂಚವಾರ್ಷಿಕ ಯೋಜನೆಯ ಕಾನೂನಿನಡಿ ಇರಾನ್ ತನ್ನ ಉತ್ತರದ ಕಾಡಿನಲ್ಲಿ ವಾಣಿಜ್ಯಕ್ಕಾಗಿ ಮರ ಕಡಿಯುವುದನ್ನು ನಿಲ್ಲಿಸಿತು. ಕಾಡಿಗೆ ವಿಶ್ರಾಂತಿ ಕೊಡುವುದು ಉದ್ದೇಶ. ಕಾಡು ಬಡವಾದದ್ದಕ್ಕೆ ಯಂತ್ರವೊಂದೇ ಕಾರಣವಲ್ಲ. ಜಾನುವಾರು ಮೇಯಿಸುವುದು, ಕಳ್ಳತನದ ಕಡಿತ, ಹೊಲ ಮನೆಗಳಿಗಾಗಿ ಒತ್ತುವರಿ ಎಲ್ಲವೂ ಇದ್ದವು. ಕಡಿತ ನಿಂತಿತೆಂದರೆ ಮರದ ಬೇಡಿಕೆ ನಿಂತಿತು ಎಂದೂ ಅಲ್ಲ. ಬಾಗಿಲಿಗೆ, ಮೇಜಿಗೆ, ಕಾಗದಕ್ಕೆ ಎಲ್ಲಿಂದಲೋ ಮರ ಬರಲೇಬೇಕು. ಅಲ್ಲಿಯೂ ಯಾವುದೋ ಯಂತ್ರ ಎಳೆಯುತ್ತಿರುತ್ತದೆ, ಯಾರೋ ಗಡಿಯಾರ ಹಿಡಿದಿರುತ್ತಾರೆ. ಅದಕ್ಕೇ ಈ ಲೆಕ್ಕದ ಮಾತು ಇರಾನಿನಲ್ಲಿ ಕಡಿತ ನಿಂತ ಮೇಲೂ ಹಳೆಯದಾಗುವುದಿಲ್ಲ.

ಮಾಡಿ ನೋಡಿ

ಎರಡೂ ಕಡೆ ತೆರೆದ ಒಂದು ಡಬ್ಬಿ, ಒಂದು ಲೋಟ ನೀರು, ಒಂದು ಗಡಿಯಾರ ಸಾಕು. ಡಬ್ಬಿಯ ಅಂಚು ಕೈ ಕೊಯ್ಯದಂತೆ ಶಿಕ್ಷಕರು ನೋಡಿಕೊಳ್ಳಿ. ಮಕ್ಕಳು ದಿನವೂ ತುಳಿಯುವ ಗೇಟಿನ ಬಳಿಯ ಹಾದಿಯಲ್ಲಿ ಡಬ್ಬಿಯನ್ನು ಎರಡು ಬೆರಳಷ್ಟು ಆಳಕ್ಕೆ ಒತ್ತಿ. ನೀರು ಸುರಿದು ಅದು ಪೂರ್ತಿ ಇಂಗಲು ಎಷ್ಟು ಹೊತ್ತು ಬೇಕೆಂದು ಬರೆದುಕೊಳ್ಳಿ. ಆಮೇಲೆ ಬೇಲಿಯ ಬದಿಯಲ್ಲಿ, ಯಾರೂ ತುಳಿಯದ ಗಿಡದ ನೆರಳಿನಲ್ಲಿ ಅದೇ ಡಬ್ಬಿ, ಅಷ್ಟೇ ನೀರಿನಿಂದ ಪರೀಕ್ಷೆ ಮಾಡಿ. ಎರಡು ಅಂಕಿಗಳನ್ನು ಹೋಲಿಸಿ. ಇದು ಪುಟ್ಟ ಪಾದಗಳ ಕೆಲಸ. ಟನ್ನುಗಟ್ಟಲೆ ತೂಕದ ಯಂತ್ರ ಏನು ಮಾಡೀತೆಂದು ಆಮೇಲೆ ಊಹಿಸಿ.

ಕೊನೆಗೆ ನನ್ನದೇ ಒಂದು ಮಾತು. ನಾನು ತಿಂಗಳ ಕೊನೆಯಲ್ಲಿ ತುಂಬುವ ನಮೂನೆಯಲ್ಲಿ 'ಭೇಟಿ ನೀಡಿದ ಶಾಲೆಗಳ ಸಂಖ್ಯೆ' ಎಂಬ ಅಂಕಣವಿದೆ. ಒಂದು ದಿನಕ್ಕೆ ಮೂರು ಶಾಲೆ ಮುಗಿಸಿದರೆ ಅಂಕಣ ಚೆನ್ನಾಗಿ ತುಂಬುತ್ತದೆ. ಒಂದೇ ಶಾಲೆಯಲ್ಲಿ ಸೀಮೆಸುಣ್ಣ ನಿಲ್ಲಿಸಿ ಮಧ್ಯಾಹ್ನವೆಲ್ಲ ಕಳೆದರೆ ಅಂಕಣ ಬಡವಾಗುತ್ತದೆ. ಹಿಂದೆ ನಿಂತ ಹುಡುಗಿಯ ಪ್ರಶ್ನೆಗೆ ಅಲ್ಲಿ ಅಂಕಣವಿಲ್ಲ. ಹಾದಿ ಬಿಟ್ಟು ದಿಮ್ಮಿಯ ಹತ್ತಿರಕ್ಕೆ ನುಗ್ಗುವ ಚಾಲಕನನ್ನು ನೆನೆದಾಗ ನನಗೆ ನಾನೇ ಕಾಣುತ್ತೇನೆ. 'ಪಾಠ ಮುಗಿಸಿದ ಪುಟಗಳು' ಎಂದು ಬರೆಯುವ ಶಿಕ್ಷಕ ಮಿತ್ರರಿಗೂ ಹೀಗೆ ಅನ್ನಿಸಿರಬಹುದು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ. 'ಗಂಟೆಗೆ ಇಷ್ಟು', 'ಎಕರೆಗೆ ಇಷ್ಟು', 'ತಲೆಗೆ ಇಷ್ಟು' ಎಂಬ ಯಾವ ಅಂಕಿ ಪಾಠದಲ್ಲಿ ಬಂದರೂ ಭಾಗಾಕಾರ ಕಲಿಸಿ ಸುಮ್ಮನಾಗಬೇಡಿ. ಇದರಲ್ಲಿ ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಬಿಟ್ಟದ್ದರ ಬೆಲೆ ತೆರುವವರು ಯಾರು, ಈ ಮೂರು ಪ್ರಶ್ನೆಗಳನ್ನು ಮಕ್ಕಳಿಂದ ಕೇಳಿಸಿ. ಮುಂದೆ ಅವರಲ್ಲಿ ಯಾರೋ ಒಬ್ಬರು ಚಾಲಕರಾಗಬಹುದು, ಅರಣ್ಯಾಧಿಕಾರಿಯಾಗಬಹುದು, ನಮೂನೆ ತಯಾರಿಸುವವರೂ ಆಗಬಹುದು. ಆಗ ಇನ್ನೊಂದು ಅಂಕಣ ಸೇರಿಸುವುದು ಅವರಿಗೆ ಹೊಳೆದರೆ ಸಾಕು.